ಇಲ್ಲದ ಮನೆಗಳ ಡೇಟಾದಿಂದ ಮಾಡೆಲ್‌ಗೆ ಕಲಿಸಿದೆ: ನನ್ನ ಅನುಭವ

"ಹುಟ್ಟಿಸಿದ ಡೇಟಾದಿಂದ ಕಲಿತ ಮಾಡೆಲ್ ಹುಟ್ಟಿಸಿದ ಉತ್ತರವನ್ನೇ ಕೊಡುತ್ತೆ" ಎಂದು ನಮ್ಮ ಹಿರಿಯ ಸಂಖ್ಯಾಶಾಸ್ತ್ರಜ್ಞರು ಮೀಟಿಂಗಿನಲ್ಲೇ ಹೇಳಿದ್ದರು. ಹುಟ್ಟಿಸಿದ ಡೇಟಾ ಅಂದರೆ ನಿಜವಾದ ಸರ್ವೆಯನ್ನು ನೋಡಿ ಕಂಪ್ಯೂಟರ್ ಸೃಷ್ಟಿಸುವ, ಎಲ್ಲೂ ಇಲ್ಲದ ಮನೆಗಳ ಡೇಟಾ. ಅವರು ಹಾಗೆ ಹೇಳಿ ಎರಡು ವರ್ಷ ಆಯಿತು. ಹೋದ ತಿಂಗಳು ನಮ್ಮ ಮಾಡೆಲ್ ನಿಜವಾದ ಮನೆಗಳ ಮೇಲೆ ಪಾಸಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ರಾಯಚೂರು ಜಿಲ್ಲೆಯ ಹಳ್ಳಿಗಳ ಸಾಲದ ಸರ್ವೆ. ಸುಮಾರು 6,000 ಮನೆ, 140ರಷ್ಟು ಪ್ರಶ್ನೆ. ಸಂಘದ ಸಾಲ ಎಷ್ಟು, ಫೈನಾನ್ಸಿನವರದು ಎಷ್ಟು, ಕೈಗಡ ಎಷ್ಟು, ಗಂಡನಿಗೆ ಗೊತ್ತಿಲ್ಲದ ಸಾಲ ಇದೆಯಾ. ಈ ಕೊನೆಯ ಪ್ರಶ್ನೆಗೆ ಹೆಂಗಸರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಉತ್ತರ ಕೊಟ್ಟಿದ್ದಾರೆ. ಯಾವ ಮನೆ ಕಂತು ಕಟ್ಟಲಾಗದೆ ಒದ್ದಾಡಬಹುದು ಎಂದು ಮೊದಲೇ ಹೇಳುವ ಮಾಡೆಲ್ ಬೇಕಿತ್ತು. ಅದನ್ನು ಕಟ್ಟುವ ತಂಡ ಹೊರಗಿನದು. ಡೇಟಾ ಅವರ ಕೈಗೆ ಹೋಗಬೇಕು.

ಮೊದಲು ಎಲ್ಲರಂತೆ ಹೆಸರು, ಫೋನು, ಊರು ತೆಗೆದೆ. ಕಳಿಸುವ ಮುಂಚೆ ಒಂದು ರೋ (ಒಂದು ಮನೆಯ ಎಲ್ಲ ಉತ್ತರ) ಆರಿಸಿ, ಅದೇ ತಾಲೂಕಿನಿಂದ ಬಂದು ನಮ್ಮಲ್ಲಿ ಎಂಟ್ರಿ ಮಾಡುತ್ತಿದ್ದ ಹುಡುಗಿಗೆ ತೋರಿಸಿದೆ. ಆಶಾ ಕಾರ್ಯಕರ್ತೆ, 34 ವರ್ಷ, ಅವಳಿ ಮಕ್ಕಳು, ಗಂಡ ದುಡಿಯಲು ಗೋವಾಕ್ಕೆ ಹೋಗಿದ್ದಾನೆ. (ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.) ಹತ್ತು ಸೆಕೆಂಡ್ ಕೂಡ ಆಗಿರಲಿಲ್ಲ. "ಸರ್, ಇದು ನಮ್ಮೂರಿನ ಅಕ್ಕ ಅಲ್ವಾ?" ಅದೇ ರೋದ ಕೊನೆಗೆ ಗಂಡನಿಗೆ ಗೊತ್ತಿಲ್ಲದ ಸಾಲದ ಮೊತ್ತ ಇತ್ತು. ಪೆನ್‌ಡ್ರೈವ್ ವಾಪಸ್ ಡ್ರಾಯರ್ ಸೇರಿತು.

ನಿಜವಾದ ಮನೆಗಳ ಬದಲು ಹುಟ್ಟಿಸಿದ ಮನೆಗಳನ್ನು ಕಳಿಸೋಣ ಎಂದು ಆಮೇಲೆ ಸಿಟಿಗ್ಯಾನ್ ಎಂಬ ಎಐ ವಿಧಾನ ಹಿಡಿದೆ. ಅದನ್ನು ಓಡಿಸುವ ಜಿಪಿಯು ಚಿಪ್‌ನ ಬಾಡಿಗೆಗೇ ಎರಡು ತಿಂಗಳಲ್ಲಿ 35-40 ಸಾವಿರ ಹೋಯಿತು. ಬಂದದ್ದು 22 ವರ್ಷದ ಅಜ್ಜಿ. ಗುಂಟೆ ಜಮೀನಿಲ್ಲದ ಮನೆಗೆ ಸ್ವಂತ ಹೊಲದ ಹತ್ತಿ 30 ಕ್ವಿಂಟಲ್. ಸಾಲವೇ ಇಲ್ಲ ಎಂದವರಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ಎಪಾಕ್, ಅಂದರೆ ಅದು ಡೇಟಾವನ್ನು ಮತ್ತೆ ಮತ್ತೆ ಓದಿ ಕಲಿಯುವ ಸುತ್ತು, ಜಾಸ್ತಿ ಮಾಡಿದೆ. ಈಗ ಅಪರೂಪದ ಮನೆಗಳು ಹೆಚ್ಚುಕಡಿಮೆ ಹಾಗೇ ನಕಲಾಗಿ ಬಂದವು, ಆ ಅಕ್ಕನ ಮನೆಯೂ ಸೇರಿ. ಅಷ್ಟು ದುಡ್ಡು ಸುರಿದು ಶುರುವಾದಲ್ಲಿಗೇ ಬಂದು ನಿಂತಿದ್ದೆ.

ಕೈಹಿಡಿದದ್ದು ಹಳೇ ದಾರಿ. ಸಿಂತ್‌ಪಾಪ್ ಎಂಬ ಸಾಫ್ಟ್‌ವೇರ್, ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ ಒಂದೇ ಥರದ ಮನೆಗಳನ್ನು ಗುಂಪು ಮಾಡುವ ಕಾರ್ಟ್ ಮರಗಳು, ಒಂದಾದ ಮೇಲೆ ಒಂದು ಕಾಲಮ್ ಹುಟ್ಟಿಸುವುದು. ನನ್ನ 8 ಜಿಬಿ ಲ್ಯಾಪ್‌ಟಾಪಿನಲ್ಲೇ ರಾತ್ರಿಯಿಡೀ ಓಡಿಸಿದೆ. ಸ್ಕಿಪ್ ನಿಯಮಗಳನ್ನು (ಸಾಲ ಇಲ್ಲದವರಿಗೆ ಬಡ್ಡಿಯ ಪ್ರಶ್ನೆ ಇಲ್ಲ ಎಂಬಂಥವು) ಕೈಯಾರೆ ಬರೆಯಲು ಮೂರು ವಾರ ಹಿಡಿಯಿತು. ಯಾವ ಮನೆಯೂ ಒಂಟಿಯಾಗಿ ಎದ್ದು ಕಾಣದಿರಲಿ ಎಂದು, ಮರದ ಒಂದು ಎಲೆಗೆ (ಕೊನೆಯಲ್ಲಿ ಉಳಿಯುವ ಗುಂಪಿಗೆ) ಕನಿಷ್ಠ 5 ಮನೆ ಎನ್ನುವ ಡಿಫಾಲ್ಟನ್ನು 25ರ ಆಸುಪಾಸಿಗೆ ಏರಿಸಿದೆ. ಹಣದ ಕಾಲಮ್‌ಗಳಿಗೆ ಸ್ಮೂದಿಂಗ್ ಹಾಕಿದೆ, ಅಂದರೆ ಮೊತ್ತಗಳನ್ನು ಸ್ವಲ್ಪ ಅತ್ತಿತ್ತ ಸರಿಸಿದೆ. ಇಲ್ಲದಿದ್ದರೆ ನಿಜವಾದ ಮೊತ್ತವೇ ಬಂದು ಕೂರುತ್ತದೆ; 37,450 ರೂಪಾಯಿ ಸಾಲ ಇರುವುದು ಊರಿಗೆ ಒಬ್ಬರಿಗೇ ಅಲ್ವಾ. ಆಶಾ, ಅಂಗನವಾಡಿ, ಬಿಸಿಯೂಟದವರನ್ನೆಲ್ಲ 'ಗೌರವಧನ' ಎಂದು ಒಂದೇ ಗುಂಪಿಗೆ ಸೇರಿಸಿದೆ. ಅರ್ಧ ಗುಟ್ಟು ಇರುವುದು ಕಾಲಮ್‌ಗಳ ಕ್ರಮದಲ್ಲಿ. ಸಾಲದ ಕಾಲಮ್‌ಗಳನ್ನು ಮೊದಲೇ ಇಡಬೇಡಿ ಎಂದಷ್ಟೇ ಹೇಳುತ್ತೇನೆ. ಉಳಿದದ್ದು ಎಂಟು ತಿಂಗಳು ನಿದ್ದೆಗೆಟ್ಟು ಕಂಡುಕೊಂಡದ್ದು, ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. 'ಸಾಲ ಯಾಕೆ ಮಾಡಿದಿರಿ' ಎಂಬ ಪ್ರಶ್ನೆಗೆ ಭಾಷಾ ಮಾಡೆಲ್‌ನಿಂದ ಉತ್ತರ ಬರೆಸಿದೆ. 'ಕೃಷಿ ಚಟುವಟಿಕೆಗಳ ನಿಮಿತ್ತ' ಎಂದು ಬರೆಯಿತು. ನಮ್ಮ ಹೆಂಗಸರು ಹೇಳಿದ್ದು 'ಮಳಿ ಹೋತ್ರಿ, ಬೀಜಕ್ಕ ರೊಕ್ಕ ಇರಲಿಲ್ರಿ' ಎಂದು. ಆ ಕಾಲಮನ್ನೇ ಬಿಟ್ಟೆ. ಯಾರೊಬ್ಬರ ಗುಟ್ಟೂ ಹೊರಬೀಳದಂತೆ ಲೆಕ್ಕಕ್ಕೆ ಅಳೆದು ನಾಯ್ಸ್ (ಬೇಕೆಂದೇ ಮಾಡುವ ಏರುಪೇರು) ಬೆರೆಸುವ ಡಿಫರೆನ್ಷಿಯಲ್ ಪ್ರೈವೆಸಿಯನ್ನೂ ನೋಡಿದೆ. ಅಮೆರಿಕ 2020ರ ಜನಗಣತಿಗೆ ಬಳಸಿದ್ದು ಅದನ್ನೇ, ಆದರೆ ಅಲ್ಲಿ 33 ಕೋಟಿ ಜನ. ನಮ್ಮ 6,000 ಮನೆಗೆ ಅಷ್ಟು ನಾಯ್ಸ್ ಬೆರೆಸಿದರೆ ತಾಲೂಕು ತಾಲೂಕಿನ ವ್ಯತ್ಯಾಸವೇ ಅಳಿಸಿ ಹೋಯಿತು. ಅದರ ಗಣಿತದ ಗ್ಯಾರಂಟಿ ನನ್ನ ದಾರಿಗಿಲ್ಲ. ಹಾಗಾಗಿ ಈ ಫೈಲು ಕರಾರಿನ ಮೇಲೆ ಆ ತಂಡಕ್ಕೆ ಮಾತ್ರ.

ಕೊನೆಯ ಪರೀಕ್ಷೆಗೆಂದು 1,200 ನಿಜವಾದ ಮನೆಗಳನ್ನು ಮೊದಲೇ ಬದಿಗಿಟ್ಟಿದ್ದೆ. ನಿಜವಾದ ಡೇಟಾದಿಂದ ಕಲಿತ ಮಾಡೆಲ್‌ನ ಎಯುಸಿ (ಒದ್ದಾಡುವ ಮನೆಗಳನ್ನು ಎಷ್ಟು ಚೆನ್ನಾಗಿ ಗುರುತಿಸುತ್ತದೆ ಎನ್ನುವ ಅಂಕ; 1 ಆದರೆ ಪೂರ್ತಿ ಸರಿ, 0.5 ಆದರೆ ಬರೀ ಊಹೆ) 0.81ರ ಹತ್ತಿರ, ಹುಟ್ಟಿಸಿದ್ದರಿಂದ ಕಲಿತದ್ದು 0.78. ಹಿರಿಯರು ಎರಡು ಸಲ ಓಡಿಸಿ ನೋಡಿದರು. ಅದೇ ಹುಡುಗಿಗೆ ಹುಟ್ಟಿಸಿದ 50 ರೋ ಕೊಟ್ಟು ಯಾರೆಂದು ಕೇಳಿದೆ. ಮೂರು ಹೆಸರು ಹೇಳಿದಳು. ರಿಜಿಸ್ಟರ್ ತೆಗೆದರೆ ಇಬ್ಬರು ಸರ್ವೆಯಲ್ಲೇ ಇರಲಿಲ್ಲ, ಮೂರನೆಯವರ ಸಾಲದ ಲೆಕ್ಕವೇ ಬೇರೆ. ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಒಂಟಿ ಹೆಂಗಸರೇ ನಡೆಸುವ ಮನೆಗಳಲ್ಲಿ ಮಾಡೆಲ್ ಇನ್ನೂ ಎಡವುತ್ತದೆ. ಗುಂಪು ಸಣ್ಣದು, 25ರ ಎಲೆಯಲ್ಲಿ ಬೇರೆಯವರ ಜೊತೆ ಬೆರೆತು ಹೋಗುತ್ತದೆ. ಎಲೆ ಚಿಕ್ಕದು ಮಾಡಲು ನನಗೆ ಮನಸ್ಸಿಲ್ಲ. ಅಂಥ 400 ಮನೆಗಳನ್ನೇ ಹೊಸದಾಗಿ ಸೇರಿಸಲು ಹಿಂಗಾರಿ ಸುಗ್ಗಿ ಮುಗಿದ ಮೇಲೆ ಹೊರಡುತ್ತೇವೆ. ಈ ಸಲ ಆ ಹುಡುಗಿಯೇ ತಂಡದ ಸೂಪರ್‌ವೈಸರ್.