ಸ್ಟೋರೇಜ್ ಸರ್ವರ್‌ಗೆ ಕ್ಯಾಬಿನೆಟ್ ಆರಿಸುವುದು ಹೇಗೆ? ಡಿಸ್ಕ್‌ನಿಂದ ಶುರು ಮಾಡಿ

ಮನೆಯಲ್ಲೇ ಸ್ಟೋರೇಜ್ ಸರ್ವರ್ ಕಟ್ಟಲು ಹೊರಟವರು ಮೊದಲು ಪ್ರೊಸೆಸರ್ ಹುಡುಕುತ್ತಾರೆ. ಆಮೇಲೆ ಮದರ್‌ಬೋರ್ಡ್. ಕೊನೆಗೆ ಉಳಿದ ದುಡ್ಡಿಗೆ ಸಿಕ್ಕಿದ ಕ್ಯಾಬಿನೆಟ್. ಇಲ್ಲಿ ಆ ಲೆಕ್ಕ ಉಲ್ಟಾ ಆಗಬೇಕು. ಫೈಲ್ ಇಟ್ಟುಕೊಂಡು ಕೇಳಿದಾಗ ಕೊಡುವ ಯಂತ್ರದಲ್ಲಿ ಪ್ರೊಸೆಸರ್‌ಗೆ ಅಷ್ಟೇನೂ ಕೆಲಸವಿಲ್ಲ. ದುಡಿಯುವುದು ಡಿಸ್ಕ್‌ಗಳು. ಅವು ಹಗಲೂ ರಾತ್ರಿ ತಿರುಗುತ್ತವೆ, ಬಿಸಿಯಾಗುತ್ತವೆ, ಅದುರುತ್ತವೆ, ಒಂದಲ್ಲ ಒಂದು ದಿನ ಕೆಡುತ್ತವೆ. ಇದನ್ನೆಲ್ಲ ತಡೆದುಕೊಳ್ಳಬೇಕಾದ್ದು ಕ್ಯಾಬಿನೆಟ್. ಮದರ್‌ಬೋರ್ಡ್ ಎರಡು ಸಲ ಬದಲಾದರೂ ಡಬ್ಬ ಅದೇ ಇರುತ್ತದೆ, ಅಲ್ವಾ?

ಮೊದಲು ಡಿಸ್ಕ್ ಎಣಿಸಿ

ಈಗ ಎಷ್ಟು ಡಿಸ್ಕ್ ಬೇಕೋ ಅದಕ್ಕೆ ಎರಡು ಸೇರಿಸಿ. ನಾಲ್ಕು ಬೇಕಿದ್ದರೆ ಆರು ಜಾಗದ ಡಬ್ಬ ನೋಡಿ. ಹಳೆಯ ಡಿಸ್ಕ್‌ನಿಂದ ಹೊಸದಕ್ಕೆ ಡೇಟಾ ಸಾಗಿಸುವಾಗ ಎರಡೂ ಒಟ್ಟಿಗೆ ಒಳಗಿರಬೇಕಾಗುತ್ತದೆ. ಹಾಗಂತ ಹನ್ನೆರಡು ಜಾಗದ್ದು ತಂದು ಅರ್ಧ ಖಾಲಿ ಇಡಬೇಕಿಲ್ಲ.

ಜಾಹೀರಾತಿನಲ್ಲಿ ಬರೆದ ಸಂಖ್ಯೆಯನ್ನು ಹಾಗೇ ನಂಬಬೇಡಿ. ಅದರಲ್ಲಿ 3.5 ಇಂಚಿನವು ಎಷ್ಟು, 2.5 ಇಂಚಿನವು ಎಷ್ಟು ಎಂದು ಬಿಡಿಸಿ ನೋಡಿ. ಉದ್ದನೆಯ ಕಾರ್ಡ್ ಹಾಕಿದರೆ ಕೆಲವು ಡಬ್ಬಗಳಲ್ಲಿ ಒಂದೆರಡು ಜಾಗ ಹೋಗುತ್ತದೆ. ಈ ಮಾತು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಪೆಟ್ಟಿಗೆಯ ಮೇಲೆ ಇರುವುದಿಲ್ಲ.

ಬೋರ್ಡ್ ಅಳತೆ

ಮಿನಿ-ಐಟಿಎಕ್ಸ್ ಬೋರ್ಡ್ 170 ಮಿಲಿಮೀಟರ್ ಚೌಕ. ಮುದ್ದಾಗಿದೆ, ಆದರೆ ಅದರಲ್ಲಿ ಕಾರ್ಡ್ ಹಾಕಲು ಒಂದೇ ಸ್ಲಾಟ್. ಬೋರ್ಡ್‌ನಲ್ಲಿರುವ ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಕಿಂಡಿ) ಸಾಲದೆ, ಇನ್ನಷ್ಟು ಡಿಸ್ಕ್ ಜೋಡಿಸಲು ಎಚ್‌ಬಿಎ ಎಂಬ ಕಾರ್ಡ್ ಹಾಕಿದಿರೋ, ಆ ಸ್ಲಾಟ್ ಮುಗಿಯಿತು. ನಾಳೆ ವೇಗದ ನೆಟ್‌ವರ್ಕ್ ಕಾರ್ಡ್ ಬೇಕೆಂದರೆ ಜಾಗವಿಲ್ಲ. ಮೈಕ್ರೊ-ಎಟಿಎಕ್ಸ್ 244 ಮಿಲಿಮೀಟರ್‌ವರೆಗೆ ಬರುತ್ತದೆ, ಸ್ಲಾಟ್‌ಗಳೂ ಜಾಸ್ತಿ. ಇಡಲು ಜಾಗವಿದ್ದರೆ ನನ್ನ ಓಟು ಇದಕ್ಕೇ.

ಫ್ರ್ಯಾಕ್ಟಲ್ ಡಿಸೈನ್ ಎಂಬ ಕಂಪನಿಯ ಎರಡು ಮಾಡೆಲ್ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನೋಡ್ 304 ಮಿನಿ-ಐಟಿಎಕ್ಸ್ ಡಬ್ಬ, 3.5 ಇಂಚಿನ ಆರು ಡಿಸ್ಕ್ ಹಿಡಿಯುತ್ತದೆ. ನೋಡ್ 804 ಮೈಕ್ರೊ-ಎಟಿಎಕ್ಸ್, ಹತ್ತು ಹಿಡಿಯುತ್ತದೆ. ಜೋನ್ಸ್‌ಬೋ ಎನ್3 ಎಂಬುದು ಪುಟ್ಟ ಡಬ್ಬದಲ್ಲೇ ಎಂಟನ್ನು ತುರುಕುತ್ತದೆ. ಆದರೆ ಅದಕ್ಕೆ ಮಿನಿ-ಐಟಿಎಕ್ಸ್ ಬೋರ್ಡೇ ಬೇಕು, ಪವರ್ ಸಪ್ಲೈ ಕೂಡ ಸಣ್ಣ ಎಸ್‌ಎಫ್‌ಎಕ್ಸ್ ಅಳತೆಯದ್ದೇ ಆಗಬೇಕು.

ಗಾಳಿ ಎಲ್ಲಿಂದ ಎಲ್ಲಿಗೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಫ್ಯಾನ್ ಎಷ್ಟಿದೆ ಎನ್ನುವುದಕ್ಕಿಂತ, ಅದರ ಗಾಳಿ ಡಿಸ್ಕ್‌ಗಳ ನಡುವೆ ಹಾದು ಹೋಗುತ್ತದೆಯೇ ಎನ್ನುವುದು ಮುಖ್ಯ. ಗಾಳಿಯೂ ನೀರಿನ ಹಾಗೆ, ಸಲೀಸಾದ ದಾರಿ ಕಂಡರೆ ಅತ್ತಲೇ ಹರಿಯುತ್ತದೆ. ಡಿಸ್ಕ್ ಗೂಡಿನ ಪಕ್ಕದಲ್ಲಿ ದೊಡ್ಡ ಸಂದಿ ಇದ್ದರೆ ಗಾಳಿಯೆಲ್ಲ ಅಲ್ಲೇ ನುಸುಳುತ್ತದೆ. ಡಿಸ್ಕ್‌ಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕೂತಿದ್ದರೆ ಮಧ್ಯದವು ಬೇಯುತ್ತವೆ.

ಟ್ರೇ ತಳ್ಳಿದರೆ ತಾನೇ ಕನೆಕ್ಟ್ ಆಗುವ ಡಬ್ಬಗಳಲ್ಲಿ ಹಿಂದೆ ಬ್ಯಾಕ್‌ಪ್ಲೇನ್ ಎಂಬ ಹಲಗೆ ಇರುತ್ತದೆ. ಅದರ ಫೋಟೊ ದೊಡ್ಡದು ಮಾಡಿ ನೋಡಿ. ದೊಡ್ಡ ತೂತುಗಳಿದ್ದರೆ ಸರಿ. ಗೋಡೆಯ ಹಾಗೆ ಮುಚ್ಚಿದ್ದರೆ ಅದರ ಹಿಂದಿನ ಫ್ಯಾನ್ ಸುಮ್ನೆ ಸದ್ದು ಮಾಡುತ್ತದೆ, ಅಷ್ಟೆ. ಕೈಗೆ ಸಿಕ್ಕ ಡಬ್ಬವಾದರೆ ಟಿಶ್ಯೂ ಪೇಪರ್‌ನ ಸಣ್ಣ ಚೂರನ್ನು ಡಿಸ್ಕ್ ಸಂದಿಯ ಮುಂದೆ ಹಿಡಿಯಿರಿ. ಒಳಗೆ ಎಳೆದರೆ ಗಾಳಿ ಓಡಾಡುತ್ತಿದೆ ಎಂದರ್ಥ.

120 ಅಥವಾ 140 ಮಿಲಿಮೀಟರ್ ಫ್ಯಾನ್ ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿ ತಳ್ಳುತ್ತದೆ. 80ರದ್ದು ಅಷ್ಟೇ ಗಾಳಿ ಕೊಡಲು ಅರಚಬೇಕು. ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ. ಮದರ್‌ಬೋರ್ಡ್ ಸಾಮಾನ್ಯವಾಗಿ ಪ್ರೊಸೆಸರ್ ಬಿಸಿ ನೋಡಿ ಫ್ಯಾನ್ ಓಡಿಸುತ್ತದೆ. ಪ್ರೊಸೆಸರ್ ತಣ್ಣಗೆ ಕೂತಿರುವಾಗ ಡಿಸ್ಕ್‌ಗಳು ಬೆವರುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಡಿಸ್ಕ್ ಮುಂದಿನ ಫ್ಯಾನ್‌ಗೆ ಕಡಿಮೆಯಾಗದ ಒಂದು ವೇಗ ಕಟ್ಟಿಬಿಡಿ.

ಎಷ್ಟು ಬಿಸಿ ಸರಿ? 40 ಡಿಗ್ರಿ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಒಂದೆರಡು ಡಿಗ್ರಿ ಏರಿದ್ದಕ್ಕೆಲ್ಲ ನಿದ್ದೆ ಕೆಡಿಸಿಕೊಳ್ಳಬೇಡಿ. 2007ರಲ್ಲಿ ಗೂಗಲ್ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಎಲ್ಲರೂ ಅಂದುಕೊಂಡಷ್ಟು ನಂಟು ಕಾಣಲಿಲ್ಲ. ಬಿಸಿ ತೀರಾ ಹೆಚ್ಚಾದಾಗ, ಅದರಲ್ಲೂ ಹಳೆಯ ಡಿಸ್ಕ್‌ಗಳಲ್ಲಿ, ಅದರ ಪೆಟ್ಟು ಕಂಡಿತು.

ಸ್ಕ್ರೂ, ಸದ್ದು

ಡಿಸ್ಕ್ ಕೂರುವ ಕಡೆ ರಬ್ಬರ್ ಇದೆಯೇ ನೋಡಿ. ತೆಳು ತಗಡಿಗೆ ನೇರವಾಗಿ ಬಿಗಿದರೆ ಇಡೀ ಡಬ್ಬವೇ ಗುಂಯ್‌ಗುಡುತ್ತದೆ. ದೊಡ್ಡ ಸಾಮರ್ಥ್ಯದ ಕೆಲವು ಡಿಸ್ಕ್‌ಗಳಲ್ಲಿ ನಡುವಿನ ಸ್ಕ್ರೂ ತೂತು ಇರುವುದೇ ಇಲ್ಲ. ಹಳೆಯ ವಿನ್ಯಾಸದ ಟ್ರೇ ಆ ತೂತನ್ನೇ ನಂಬಿಕೊಂಡಿದ್ದರೆ, ನಾಲ್ಕರ ಬದಲು ಎರಡೇ ಸ್ಕ್ರೂನಲ್ಲಿ ಡಿಸ್ಕ್ ನೇತಾಡುತ್ತದೆ. ಕೊಳ್ಳುವ ಮೊದಲು ಡಿಸ್ಕ್‌ನ ನಕ್ಷೆಯನ್ನೂ ಟ್ರೇಯ ನಕ್ಷೆಯನ್ನೂ ಹೋಲಿಸಿ.

ಕರೆಂಟು

3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವ ಕ್ಷಣದಲ್ಲಿ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟು ಡಿಸ್ಕ್ ಒಟ್ಟಿಗೆ ಎದ್ದರೆ ಹತ್ತಿರ ಹತ್ತಿರ 200 ವಾಟ್. ಕೆಲವೇ ಸೆಕೆಂಡಿನ ಮಾತು, ಆದರೂ ಪವರ್ ಸಪ್ಲೈ ತಡೆದುಕೊಳ್ಳಬೇಕು. ಡಬ್ಬಕ್ಕೆ ಯಾವ ಅಳತೆಯದ್ದು ಹಿಡಿಸುತ್ತದೆ ಎಂದು ಮೊದಲೇ ನೋಡುವುದು ಇದಕ್ಕೇ. ತಂತಿ ಸಾಲಲಿಲ್ಲವೆಂದು ಮೊಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ನಿನ ಪ್ಲಗ್‌ನಿಂದ ಸಾಟಾಗೆ ಬದಲಿಸುವ ಕನೆಕ್ಟರ್ ಕೊಳ್ಳುವುದಾದರೆ, ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ್ದು ಬೇಡವೇ ಬೇಡ. ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಿದ್ದುಂಟು.

ಕೆಟ್ಟಾಗ ತೆಗೆಯುವುದು ಹೇಗೆ?

ಮುಂದಿನಿಂದಲೇ ಎಳೆಯುವ ಟ್ರೇ ಒಳ್ಳೆಯದು, ಕಡ್ಡಾಯವಲ್ಲ. ಮನೆಯಲ್ಲಿ ಹತ್ತು ನಿಮಿಷ ಆಫ್ ಮಾಡಿದರೆ ಯಾರೂ ಬಯ್ಯುವುದಿಲ್ಲ. ಆದರೆ ಒಂದು ಡಿಸ್ಕ್‌ಗಾಗಿ ಇಡೀ ಬೋರ್ಡ್ ಬಿಚ್ಚಬೇಕಾದ ಡಬ್ಬವನ್ನು ಬಿಟ್ಟುಬಿಡಿ.

ಜೋಡಿಸುವ ದಿನವೇ ಪ್ರತಿ ಟ್ರೇ ಮುಂದೆ ಆ ಡಿಸ್ಕ್‌ನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದು ಅಂಟಿಸಿ. ಕೆಟ್ಟಾಗ ಸಾಫ್ಟ್‌ವೇರ್ ಹೇಳುವುದು ಸೀರಿಯಲ್ ನಂಬರ್, ಎಡದಿಂದ ಮೂರನೆಯದು ಎಂದಲ್ಲ. ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಜೋಡಿಸುವ ರೇಡ್ 5ರಲ್ಲಿ ಒಂದು ಡಿಸ್ಕ್ ಆಗಲೇ ಹೋಗಿರುವಾಗ ಗೊತ್ತಾಗದೆ ಚೆನ್ನಾಗಿರುವುದನ್ನು ಎಳೆದರೆ ಇಡೀ ಸಂಗ್ರಹವೇ ನಿಂತುಹೋಗುತ್ತದೆ.

ಹಳೆಯ ಟವರ್ ಇದ್ದರೆ

ಹೊಸದೇ ಬೇಕೆಂದೇನಿಲ್ಲ. ಮೂಲೆಯಲ್ಲಿರುವ ಹಳೆಯ ಟವರ್‌ನಲ್ಲಿ ಸಿಡಿ ಡ್ರೈವ್ ಹಾಕುತ್ತಿದ್ದ 5.25 ಇಂಚಿನ ಜಾಗ ಒಂದರ ಮೇಲೊಂದು ಮೂರಿದ್ದರೆ, ಅಲ್ಲಿ ನಾಲ್ಕೈದು ಡಿಸ್ಕ್ ಹಿಡಿಯುವ ಪಂಜರ ಕೂರಿಸಬಹುದು. ಸಿಡಿ ಡ್ರೈವ್ ಜಾರದಿರಲೆಂದು ಒಳಗಿನ ಎರಡೂ ಬದಿ ಸಣ್ಣ ತಗಡಿನ ನಾಲಿಗೆಗಳು ಚಾಚಿಕೊಂಡಿರುತ್ತವೆ. ಪಂಜರ ಅಡ್ಡ ಬೀಳುವುದು ಅವಕ್ಕೇ. ಇಕ್ಕಳದಲ್ಲಿ ಹಿಡಿದು ಬದಿಗೆ ಮಡಚಿದರೆ ಒಳಗೆ ಹೋಗುತ್ತದೆ. ಆ ಕೆಲಸವನ್ನು ಮದರ್‌ಬೋರ್ಡ್ ಹಾಕುವ ಮೊದಲೇ ಮುಗಿಸಿ, ತಗಡಿನ ಚೂರೇನಾದರೂ ಬಿದ್ದಿದ್ದರೆ ಡಬ್ಬ ಬೋರಲು ಹಾಕಿ ಕೊಡವಿ.