ರೆಪೊ ದರ ಇಳಿಯಿತು, ನಿಮ್ಮ ಕಂತು ಇಳಿಯಿತೇ?

ನೋಟು ಅಚ್ಚಾಗುವುದು ನಮ್ಮ ಮೈಸೂರಿನಲ್ಲಿ. ಬಡ್ಡಿಯ ದಿಕ್ಕು ತೀರ್ಮಾನವಾಗುವುದು ಮುಂಬಯಿಯ ರಿಸರ್ವ್ ಬ್ಯಾಂಕಿನಲ್ಲಿ. ಮಂಡ್ಯದ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೂತು ಸವೆದವನಾಗಿ ಹೇಳುತ್ತೇನೆ: ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಇಳಿದ ಸುದ್ದಿ ಓದಿ ಸುಮ್ಮನೆ ಹಿಗ್ಗಬೇಡಿ.

ಮೊದಲು ಸಾಲದ ಮಂಜೂರಾತಿ ಪತ್ರ ತೆಗೆಯಿರಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಬ್ಯಾಂಕಿನಿಂದ 2019ರ ಅಕ್ಟೋಬರ್ ನಂತರ ಪಡೆದಿದ್ದರೆ ಅದು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಣೆ ಆಗಲೇಬೇಕು. ಹಳೆಯದಾದರೆ ಎಂಸಿಎಲ್‌ಆರ್ ಎಂದಿರಬಹುದು. ಅದು ಬ್ಯಾಂಕೇ ಗೊತ್ತುಮಾಡುವ ದರ, ತನ್ನ ಠೇವಣಿ ವೆಚ್ಚವನ್ನು ನೋಡಿಕೊಂಡು ಚಲಿಸುವ ಎತ್ತಿನ ಗಾಡಿ. ರೆಪೊಗೆ ಬದಲಾಯಿಸಿ ಎಂದು ಅರ್ಜಿ ಕೊಡಿ. ಶುಲ್ಕ ಎಷ್ಟೆಂದು ಮೊದಲೇ ಕೇಳಿ.

ಕಂತು ಇಳಿಯದಿದ್ದರೆ ಅವಧಿ ಕುಗ್ಗಿದೆಯೇ ನೋಡಿ. ಇಪ್ಪತ್ತು ವರ್ಷದ 20 ಲಕ್ಷ ರೂಪಾಯಿ ಸಾಲದಲ್ಲಿ ಶೇ 9ರ ಬಡ್ಡಿ ಶೇ 8.75 ಆದರೆ ತಿಂಗಳ ಕಂತಿನಲ್ಲಿ ಸುಮಾರು 320 ರೂಪಾಯಿ ಉಳಿಯುತ್ತದೆ. ನನ್ನ ಮಾತು ಕೇಳುವುದಾದರೆ ಕಂತು ಹಾಗೇ ಇರಲಿ, ಅವಧಿ ಇಳಿಸಿಕೊಳ್ಳಿ.

ಇನ್ನು ಕಬ್ಬಿನ ಬೆಳೆಸಾಲ. 3 ಲಕ್ಷದವರೆಗೆ ಸರ್ಕಾರದ ಬಡ್ಡಿ ರಿಯಾಯಿತಿ ಇರುವ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ರೆಪೊಗೆ ಅಲುಗುವುದಿಲ್ಲ. ಗಡುವಿನೊಳಗೆ ಕಟ್ಟಿದರೆ ಶೇ 4. ಕಾರ್ಖಾನೆಯಿಂದ ಹಣ ತಡವಾಗುವಂತಿದ್ದರೆ ಗಡುವಿಗೆ ಮೊದಲೇ ಬ್ಯಾಂಕಿಗೆ ಹೋಗಿ ಮಾತನಾಡಿ.