ಟಕ್ ಅನ್ನದ ಕ್ಲಚ್ಚು, ನನ್ನ ಬೈಕಿನ ಬಲ್ಬು

ನಾನು ಆಟೋ ಎಲೆಕ್ಟ್ರಿಷಿಯನ್. ಕೊಪ್ಪಳದಲ್ಲಿ ಹೊಸಪೇಟೆ ರಸ್ತೆಗೆ ಅಂಗಡಿ. ಸೆಲ್ಫ್ ಮೋಟರ್, ಡೈನಮೋ, ಟ್ರ್ಯಾಕ್ಟರ್ ವೈರಿಂಗ್, ಬೇಸಿಗೆ ಬಂತಂದ್ರೆ ಕಾರಿನ ಎಸಿ. ಗಂಗಾವತಿ, ಕಾರಟಗಿ ಕಡೆ ಭತ್ತದ ಕೊಯ್ಲು ಶುರುವಾದರೆ ಕಟಾವು ಮಷಿನ್‌ಗಳ ಹಿಂದೆ ಓಡಾಟ. ಮೇಲೆ ಕೂತು ಓಡಿಸುವ, ಲಾನಿನ ಹುಲ್ಲು ಕತ್ತರಿಸುವ ಗಾಡಿ ಮಾತ್ರ ನನ್ನ ಕೈಗೆ ಬಂದಿದ್ದು ಈಗೀಗ. ನಮ್ಮ ಬಿಸಿಲಿಗೆ ಲಾನ್ ಉಳಿಸಿಕೊಳ್ಳೋದೇ ದೊಡ್ಡದು, ಅದನ್ನು ಕತ್ತರಿಸೋಕೆ ಗಾಡಿ ಬೇರೆ ಬೇಕಾ ಅಂತ ನಗ್ತಿದ್ದೆ.

ಮಾರ್ಚ್ ತಿಂಗಳು. ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯ ಕಾಲೊನಿಯಿಂದ ಅಲ್ಲಿನ ಮಾಲಿ ಫೋನ್ ಮಾಡಿದ.

"ಅಣ್ಣಾ, ಗಾಡಿ ಚಾಲೂ ಆಗ್ತೈತಿ. ಮುಂದ ಹೊಕ್ಕೈತಿ, ಹಿಂದ ಬರ್ತೈತಿ. ಬ್ಲೇಡ್ ಮಾತ್ರ ತಿರುಗವಲ್ವು."

"ಹಳದಿ ಗುಂಡಿ ಎಳದ್ರ ಏನಾರ ಸಪ್ಪಳ ಬರ್ತೈತೇನು?"

"ಮೊದ್ಲ ಟಕ್ ಅಂತಿತ್ತು. ಈಗ ಏನೂ ಇಲ್ಲ."

ಅರ್ಧ ಕೆಲಸ ಅಲ್ಲೇ ಮುಗಿಯಿತು. ಈ ಗಾಡಿಗಳಲ್ಲಿ ಎಂಜಿನ್ ಕೆಳಗೆ, ಶಾಫ್ಟಿನ ತುದಿಗೆ, ಒಂದು ಕರೆಂಟ್ ಕ್ಲಚ್ ಇರುತ್ತದೆ. ಕಾರಿನ ಎಸಿ ಕಂಪ್ರೆಸರ್ ಮೂತಿಯ ಮೇಲಿರುವ ಮ್ಯಾಗ್ನೆಟ್ ಕ್ಲಚ್ ನೋಡಿದ್ದೀರಲ್ವಾ, ಇದು ಅದರ ಅಣ್ಣ. ಒಳಗೆ ತಾಮ್ರದ ಕಾಯಿಲ್. ಹಳದಿ ಗುಂಡಿ ಎಳೆದರೆ ಅದಕ್ಕೆ ಕರೆಂಟ್ ಬಂದು, ಅಯಸ್ಕಾಂತವಾಗಿ ಎದುರಿನ ಕಬ್ಬಿಣದ ತಟ್ಟೆಯನ್ನು ಎಳೆದುಕೊಳ್ಳುತ್ತದೆ, ಗುಂಡಿ ಒತ್ತಿದರೆ ಬಿಟ್ಟುಬಿಡುತ್ತದೆ. ತಟ್ಟೆ ಬಂದು ಅಂಟುವಾಗ ಆಗುವ ಸದ್ದೇ ಈ ಟಕ್. ಆಮೇಲೆ ಪುಲ್ಲಿ ತಿರುಗುತ್ತದೆ, ಬೆಲ್ಟ್ ತಿರುಗುತ್ತದೆ, ಬ್ಲೇಡ್ ತಿರುಗುತ್ತದೆ. ಟಕ್ ಅಂದೂ ಬ್ಲೇಡ್ ತಿರುಗದಿದ್ದರೆ ಬೆಲ್ಟ್ ಹರಿದಿದೆ, ಜಾರಿದೆ, ಇಲ್ಲಾ ಬೇರಿಂಗ್ ಹಿಡಿದಿದೆ. ಅದು ಸ್ಪ್ಯಾನರ್ ಕೆಲಸ. ಟಕ್ಕೇ ಇಲ್ಲ ಅಂದರೆ ಮೊದಲು ಮೀಟರ್ ತೆಗೆಯಬೇಕು. ಹಳೇ ಗಾಡಿಗಳಲ್ಲಿ ಗುಂಡಿಯ ಬದಲು ಕೈಯಿಂದ ಎಳೆಯುವ ಲಿವರ್ ಇರುತ್ತದೆ. ಅಲ್ಲಿ ಕರೆಂಟಿನ ಮಾತಿಲ್ಲ, ಕೇಬಲ್ಲು ಸ್ಪ್ರಿಂಗು ನೋಡಿಕೊಂಡರಾಯ್ತು.

ಹೋಗಿ ನೋಡಿದರೆ ನನಗಿಂತ ಮೊದಲೇ ಮೂರು ಜನ ಕೈಯಾಡಿಸಿದ್ದರು. ಬೆಲ್ಟ್ ಹೊಸದು. ಬ್ಯಾಟರಿ ಹೊಸದು. ಪಾರ್ಟ್ಸ್ ಮಾರುವ ಒಬ್ಬರು ಫೋನಿನಲ್ಲೇ "ಕ್ಲಚ್ ಹೋಗಿದೆ, ಮೂವತ್ತು ಸಾವಿರ" ಅಂದುಬಿಟ್ಟಿದ್ದರು. ಇದೆಲ್ಲ ಹೋಗಲಿ. ಸೀಟಿನ ಕೆಳಗೆ ಬಗ್ಗಿ ನೋಡಿದರೆ ಸೀಟ್ ಸ್ವಿಚ್ಚಿನ ಎರಡೂ ವೈರ್ ಕಿತ್ತು, ತುದಿ ಸುಲಿದು, ಒಂದಕ್ಕೊಂದು ತಿರುಚಿ ಟೇಪ್ ಸುತ್ತಿದ್ದರು. ನನಗೆ ಸಿಟ್ಟು ಬಂದಿದ್ದು ಆಗಲೇ. ಬ್ಲೇಡ್ ತಿರುಗುತ್ತಿರುವಾಗ ಸೀಟಿನಿಂದ ಎದ್ದರೆ ಎಂಜಿನ್ ಬಂದ್ ಆಗಬೇಕು, ಆ ಸ್ವಿಚ್ ಇರೋದು ಅದಕ್ಕೆ. ಗಾಡಿ ಹಳ್ಳಕ್ಕೆ ಬಿದ್ದು ಎಗರಿ ಮಾಲಿ ಕೆಳಗೆ ಬಿದ್ದ ಅಂದುಕೊಳ್ಳಿ, ಆ ತಿರುಚಿದ ವೈರಿನಿಂದ ಬ್ಲೇಡ್ ಅವನ ಪಕ್ಕದಲ್ಲೇ ತಿರುಗುತ್ತಿರುತ್ತದೆ. ಮೊದಲು ಆ ಗಂಟು ಬಿಚ್ಚಿ ಸ್ವಿಚ್ಚಿಗೆ ವೈರ್ ವಾಪಸ್ ಹಾಕಿದೆ. ಸ್ವಿಚ್ ಚೆನ್ನಾಗೇ ಇತ್ತು. ಹಾಗೆ ನೋಡಿದರೆ ಇವರ ಗಾಡಿಯಲ್ಲಿ ಸೀಟ್ ಸ್ವಿಚ್ ಕೆಟ್ಟಿದ್ದರೆ ಗುಂಡಿ ಎಳೆದ ತಕ್ಷಣ ಎಂಜಿನ್ನೇ ನಿಲ್ಲಬೇಕಿತ್ತು. ನಿಂತಿಲ್ಲ ಅಂದಮೇಲೆ ಅದನ್ನು ಮುಟ್ಟೋ ಅಗತ್ಯವೇ ಇರಲಿಲ್ಲ.

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಪ್ಲಗ್ಗಿನ ವೈರ್ ಕಿತ್ತು ಪಕ್ಕಕ್ಕೆ ಸಿಗಿಸಿದೆ. ಬ್ಲೇಡಿನ ಬೆಲ್ಟನ್ನೂ ಇಳಿಸಿದೆ. ಇದು ನನ್ನ ಹಠ. ಕೆಳಗೆ ಕೈ ಹಾಕುವಾಗ ಎಂಜಿನ್ ತಿರುಗೋ ದಾರಿಯೇ ಇರಬಾರದು. ಈ ಗಾಡಿಯಲ್ಲಿ ಕ್ಲಚ್ ಪರೀಕ್ಷೆಗೆ ಎಂಜಿನ್ ಚಾಲೂ ಇರಬೇಕಿಲ್ಲ. ಸೀಟಿನ ಮೇಲೆ ಒಬ್ಬರು ಕೂತು, ಕೀಲಿ ಆನ್ ಮಾಡಿ ಗುಂಡಿ ಎಳೆದರೆ ಸಾಕು. ಮಾಲಿಯನ್ನೇ ಕೂರಿಸಿದೆ. ನಾನು ನೆಲಕ್ಕೆ ಗೋಣಿಚೀಲ ಹಾಸಿ ಮಲಗಿದೆ.

ಫ್ಯೂಸ್ ಸರಿ. ಬ್ಯಾಟರಿ 12.5 ವೋಲ್ಟ್. ಕ್ಲಚ್‌ನಿಂದ ಹೊರಬಂದಿರುವ ಎರಡು ವೈರಿನ ಕನೆಕ್ಟರ್ ಬಿಡಿಸಿ, ಗಾಡಿ ಕಡೆಯ ತುದಿಗೆ ಮೀಟರ್ ಇಟ್ಟೆ. ಮಾಲಿ ಗುಂಡಿ ಎಳೆದ. 12.4 ವೋಲ್ಟ್.

ಮೀಟರ್ ನೋಡಿದರೆ ಯಾರಾದರೂ ಏನಂತಾರೆ? ಕರೆಂಟ್ ಕ್ಲಚ್ ತನಕ ಬಂದಿದೆ, ಕ್ಲಚ್ ಎಳೀತಿಲ್ಲ, ಹಾಗಾದರೆ ಕ್ಲಚ್ಚೇ ಸತ್ತಿದೆ. ನನಗೂ ಒಂದು ಗಳಿಗೆ ಹಾಗೇ ಅನಿಸಿತು. ಆದರೂ ಕಾಯಿಲ್ ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತೆ ಅಂತ ಅಳೆದೆ. 2.9 ಓಮ್. ಇಂಥ ಕ್ಲಚ್‌ಗಳಲ್ಲಿ ಸಾಮಾನ್ಯವಾಗಿ 2ರಿಂದ 4 ಓಮ್ ನಡುವೆ ಬರುತ್ತದೆ. ಕಾಯಿಲ್ ಕಟ್ಟಾಗಿದ್ದರೆ ಮೀಟರ್ ಏನೂ ತೋರಿಸುತ್ತಿರಲಿಲ್ಲ, ಒಳಗೆ ಸುಟ್ಟು ಶಾರ್ಟ್ ಆಗಿದ್ದರೆ ಫ್ಯೂಸ್ ಹಾರುತ್ತಿತ್ತು. ಕೊನೆಗೆ ಬ್ಯಾಟರಿಯಿಂದ ಎರಡು ವೈರ್ ನೇರವಾಗಿ ಕ್ಲಚ್‌ಗೆ ಕೊಟ್ಟೆ.

ಟಕ್!

ಮೂವತ್ತು ಸಾವಿರದ ಕ್ಲಚ್ ಬದುಕಿತ್ತು. ಮಾಲಿ ಸೀಟಿನಿಂದ ಬಗ್ಗಿ "ಆತೇನಣ್ಣಾ?" ಅಂದ. ಆಗಿರಲಿಲ್ಲ. ಗಾಡಿಯ ವೈರಿನಲ್ಲೂ 12.4 ಇದೆ, ಬ್ಯಾಟರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಒಂದಕ್ಕೆ ಎಳೆಯುತ್ತದೆ, ಇನ್ನೊಂದಕ್ಕೆ ಎಳೆಯಲ್ಲ. ಇಲ್ಲಿ ಮೀಟರ್ ನಂಬಿ ಕೂತರೆ ಕೆಲಸ ಮುಂದೆ ಹೋಗಲ್ಲ. ಮೀಟರ್ ಕುಡಿಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಹತ್ತು ಎಳೆ ವೈರಿನಲ್ಲಿ ಒಂಬತ್ತು ಕಿತ್ತು ಒಂದೇ ಎಳೆ ಉಳಿದಿದ್ದರೂ ಅದು ಪೂರಾ ವೋಲ್ಟ್ ತೋರಿಸುತ್ತದೆ. ಕ್ಲಚ್‌ಗೆ ಬೇಕಾಗಿರೋದು ನಾಲ್ಕು ಆಂಪಿಯರ್ ಹತ್ತಿರ.

ಮಾಲಿಗೆ ಇದನ್ನು ಹೀಗೆ ಹೇಳಿದೆ. "ನೀರಿನ ಪೈಪಿನ್ಯಾಗ ಕಸ ಸಿಕ್ಕೈತಿ ಅನ್ಕೋ. ತುದಿಗೆ ಹೆಬ್ಬಟ್ಟು ಒತ್ತಿ ಹಿಡದ್ರ ಏನನ್ನಿಸ್ತೈತಿ? ಫುಲ್ ಪ್ರೆಶರ್. ಹೆಬ್ಬಟ್ಟು ಬಿಟ್ರ?" ಅವನು ನಕ್ಕು "ಉಚ್ಚಿ ಹೊಯ್ದಂಗ ಬರ್ತೈತಿ" ಅಂದ. ನನ್ನ ಮೀಟರ್ ಆ ಹೆಬ್ಬಟ್ಟು.

ಈಗ ನನಗೆ ಬೇಕಾಗಿದ್ದು ಕ್ಲಚ್‌ನಷ್ಟೇ ಕರೆಂಟ್ ಎಳೆಯುವ ಏನಾದರೂ ಒಂದು. ಅಂಗಡಿಯಲ್ಲಿ ಟೆಸ್ಟ್ ಬಲ್ಬ್ ಇದೆ, ತಂದಿರಲಿಲ್ಲ. ಹೊರಗೆ ನನ್ನ ಹಳೇ ಬೈಕ್ ನಿಂತಿತ್ತು. ಅದರ ಹೆಡ್‌ಲೈಟ್ ಬಲ್ಬ್ 35 ವ್ಯಾಟ್. 12 ವೋಲ್ಟಿಗೆ ಹತ್ತಿರ ಹತ್ತಿರ ಮೂರು ಆಂಪಿಯರ್. ಸಾಕು. ಬಲ್ಬ್ ಬಿಚ್ಚಿ ತಂದು, ಎರಡು ತುಂಡು ವೈರ್ ಸುತ್ತಿ, ಕನೆಕ್ಟರಿಗೆ ಸಿಗಿಸಿದೆ. ಮಾಲಿ ಗುಂಡಿ ಎಳೆದ. ಬಲ್ಬ್ ಕೆಂಡದ ಹಾಗೆ ಕೆಂಪಗೆ ಮಿಣುಕಿತು, ಅಷ್ಟೇ. ಈಗ ಮೀಟರ್ ಇಟ್ಟರೆ 7 ವೋಲ್ಟ್.

ಉಳಿದ ಐದೂವರೆ ವೋಲ್ಟ್ ಎಲ್ಲೋ ದಾರಿಯಲ್ಲಿ ಉಳಿದುಕೊಂಡಿದೆ. ಎಲ್ಲಿ ಅಂತ ಹುಡುಕೋದು ಕಷ್ಟವಲ್ಲ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಕನೆಕ್ಟರಿನ ಕೆಂಪು ವೈರಿಗೆ. 0.7 ಬಂತು. ಗುಂಡಿ, ಕೀಲಿ, ಫ್ಯೂಸ್ ಎಲ್ಲ ಸೇರಿ ಇಷ್ಟು ತಿನ್ನುತ್ತಿವೆ. ಸ್ವಲ್ಪ ಜಾಸ್ತಿಯೇ, ಗುಂಡಿ ಒಳಗಿನ ಪಾಯಿಂಟ್ ಸವೆದಿರಬೇಕು, ಆದರೆ ಇವತ್ತಿನ ಕಳ್ಳ ಅದಲ್ಲ. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಪ್ಪು ವೈರಿಗೆ. 4.7.

ಅರ್ತ್! ಗುಂಡಿ, ಸ್ವಿಚ್ಚು, ರಿಲೇ ಅಂತ ಎಲ್ಲರೂ ಕೆಂಪು ವೈರಿನ ಹಿಂದೆ ಹೋಗ್ತಾರೆ. ವಾಪಸ್ ಬರುವ ಕಪ್ಪು ವೈರನ್ನು ಕೇಳೋರೇ ಇಲ್ಲ. ಆ ವೈರ್ ಹಿಡಿದುಕೊಂಡು ಹೋದರೆ ಎಂಜಿನ್ ಹಿಂದೆ, ಚಾಸಿಗೆ ಹಾಕಿದ್ದ ಒಂದು ಬೋಲ್ಟಿನ ಕೆಳಗೆ ಮುಗಿದಿತ್ತು. ಬೋಲ್ಟ್ ಇದೆ ಅನ್ನೋದೇ ಕಾಣುತ್ತಿರಲಿಲ್ಲ. ಕಾರ್ಖಾನೆಯ ಕಪ್ಪು ದೂಳು, ಒಣಗಿದ ಹುಲ್ಲಿನ ಚೂರು, ಎಣ್ಣೆ, ಎಲ್ಲ ಸೇರಿ ಹಪ್ಪಳದ ಹಾಗೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರಿನಿಂದ ಎಬ್ಬಿಸಿದೆ. ಕೆಳಗೆ ಲಗ್, ಅಂದರೆ ವೈರಿನ ತುದಿಗೆ ಒತ್ತಿದ ಲೋಹದ ಬಳೆ, ಪೂರ್ತಿ ಹಸಿರು ಕಿಲುಬು, ಚಾಸಿ ಕಡೆ ತುಕ್ಕು. ಬೋಲ್ಟ್ ಬಿಗಿಯಾಗೇ ಇತ್ತು. ಬಿಗಿಯಾಗಿದ್ದರೆ ಏನು ಬಂತು, ನಡುವೆ ತುಕ್ಕಿನ ಪದರ ಇದೆಯಲ್ಲ.

ಕಾರಣ ಕೇಳಿದರೆ ಮಾಲಿ ಹೆಮ್ಮೆಯಿಂದಲೇ ಹೇಳಿದ. ದಿನಾ ಸಂಜೆ ಗಾಡಿಯನ್ನು ಪೈಪ್ ಹಿಡಿದು ತೊಳೆಯುತ್ತಾನಂತೆ, ಎಂಜಿನ್ ಕೆಳಗೂ ಬಿಡದೆ. ಬೋರಿನ ಸವುಳು ನೀರು. ಪಾಪ, ಅವನ ಶ್ರದ್ಧೆಯೇ ಗಾಡಿಗೆ ಮುಳುವಾಗಿತ್ತು. ಇನ್ನು ಮೇಲೆ ಬ್ಲೇಡಿನ ತಗಡಿನ ಒಳಗೆ ಹುಲ್ಲು ಕೆರೆದು ತೆಗಿ, ಕ್ಲಚ್ ಮತ್ತು ವೈರ್ ಇರುವ ಕಡೆ ಗಾಳಿ ಹೊಡಿ, ನೀರು ಬೇಡ ಅಂದೆ.

ವೈರನ್ನು ಒಂದು ಇಂಚು ಕತ್ತರಿಸಿದೆ. ಒಳಗೂ ಕಪ್ಪಾಗಿತ್ತು, ಇನ್ನೊಂದು ಇಂಚು ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ಹೊಸ ಲಗ್ ಒತ್ತಿ, ಚಾಸಿಯನ್ನು ಎಮರಿ ಪೇಪರಿನಿಂದ ಬೆಳ್ಳಗಾಗುವವರೆಗೆ ತಿಕ್ಕಿ, ಬಿಗಿದು ಮೇಲೆ ಗ್ರೀಸ್ ಬಳಿದೆ. ಬಲ್ಬ್ ಸಿಗಿಸಿದರೆ ಕಣ್ಣು ಕುಕ್ಕುವ ಬೆಳಕು. ಕ್ಲಚ್ ಸಿಗಿಸಿದರೆ ಟಕ್. ಬೆಲ್ಟ್ ಏರಿಸಿ, ಪ್ಲಗ್ ವೈರ್ ಹಾಕಿ ಚಾಲೂ ಮಾಡಿದರೆ ಬ್ಲೇಡ್ ಭರ್ ಅಂತ ತಿರುಗಿದವು. ಚಹಾ ಬಂತು. ಸಾಹೇಬರು ಬಂದು ಬೆನ್ನು ತಟ್ಟಿದರು. ನಾನೂ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಮೂರನೇ ದಿನ ಫೋನ್. "ಅಣ್ಣಾ, ಮುಂಜಾನೆ ಚೊಲೋ ಹೊಡಿತೈತಿ. ಅರ್ಧ ತಾಸಿಗೆ ಬ್ಲೇಡ್ ನಿಂತ್ ಬಿಡ್ತಾವ. ಒಂದು ತಾಸು ನೆಳ್ಳಾಗ ನಿಲ್ಲಿಸಿದ್ರ ಮತ್ತ ಹತ್ತತಾವ."

ಮೊದಲ ಸಲವೇ ನೋಡಬೇಕಾಗಿದ್ದ ಒಂದನ್ನು ನಾನು ಬಿಟ್ಟಿದ್ದೆ. ಟಕ್ ಅಂತಿದೆಯಲ್ಲ ಅನ್ನೋ ಸಂಭ್ರಮದಲ್ಲಿ ಎದ್ದು ಬಂದಿದ್ದೆ.

ಈ ಸಲ ಗಾಡಿ ಬಿಸಿಯಿರುವಾಗಲೇ ಹೋದೆ. ಬಿಸಿ ಕಾಯಿಲ್ ಅಳೆದರೆ 3.6 ಓಮ್. ತಣ್ಣಗಿದ್ದಾಗ 2.9 ಇತ್ತಲ್ಲ. ಇದು ಕಾಯಿಲ್ ಕೆಟ್ಟ ಲಕ್ಷಣವಲ್ಲ, ತಾಮ್ರದ ಗುಣವೇ ಹಾಗೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಓಮ್ ನೂರಕ್ಕೆ ನಾಲ್ಕರಷ್ಟು ಏರುತ್ತದೆ. ಎಂಜಿನ್ನಿನ ಹೊಟ್ಟೆ ಕೆಳಗೆ, ಮಾರ್ಚ್ ಬಿಸಿಲಿಗೆ, ಅರವತ್ತು ಡಿಗ್ರಿ ಏರೋದು ದೊಡ್ಡ ಮಾತಲ್ಲ. ಓಮ್ ಏರಿದರೆ ಕರೆಂಟ್ ಇಳಿಯುತ್ತದೆ. ಕರೆಂಟ್ ಐದರಲ್ಲಿ ಒಂದು ಪಾಲು ಇಳಿದರೆ ಅಯಸ್ಕಾಂತದ ಎಳೆತ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿಯುತ್ತದೆ. ಹೊಸ ಕ್ಲಚ್ ಇದನ್ನು ತಡೆದುಕೊಳ್ಳುತ್ತದೆ. ಸವೆದ ಕ್ಲಚ್‌ನಲ್ಲಿ ತಟ್ಟೆಗೂ ಕಾಯಿಲ್ ಕಡೆಗೂ ನಡುವಿನ ಸಂದು ದೊಡ್ಡದಾಗಿರುತ್ತದೆ. ಅಲ್ಲಿ ಈ ಸೋತ ಎಳೆತ ಮುಟ್ಟೋದಿಲ್ಲ.

ಕ್ಲಚ್‌ನ ಸುತ್ತ ಮೂರು ಕಿಟಕಿಗಳಿರುತ್ತವೆ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತೂರಿಸೋದಕ್ಕೆ ಅಂತಲೇ. ಪ್ರತಿ ಕಿಟಕಿಯ ಹತ್ತಿರ ಒಂದು ನಟ್. ವಾಲ್ವ್ ಟ್ಯಾಪೆಟ್ ಅಳೆಯೋ ಗೇಜೇ ಸಾಕು. ಒಂದರಲ್ಲಿ 0.7 ಮಿಲಿಮೀಟರ್, ಇನ್ನೆರಡರಲ್ಲಿ 0.55 ಬಂತು. ಆ ಗಾಡಿಯ ಪುಸ್ತಕದಲ್ಲಿ ಇದ್ದದ್ದು 0.3ರಿಂದ 0.4. ಕ್ಲಚ್ ತಣ್ಣಗಾಗಲು ಬಿಟ್ಟು, ಕಿಟಕಿಯಿಂದ ದೂಳು ಊದಿ, ಮೂರೂ ನಟ್ಟನ್ನು ಸುತ್ತಾಡುತ್ತಾ ಕಾಲು ಕಾಲು ಸುತ್ತು ಬಿಗಿದೆ. ಒಂದೇ ನಟ್ಟನ್ನು ಒಮ್ಮೆಲೇ ಬಿಗಿಯಬಾರದು, ತಟ್ಟೆ ಓರೆಯಾಗುತ್ತದೆ. 0.35ರ ಪಟ್ಟಿ ಮೂರೂ ಕಡೆ ಒಂದೇ ಸಮ ಬಿಗಿಯಾಗಿ ಜಾರುವಷ್ಟಕ್ಕೆ ತಂದೆ. ಇದಕ್ಕಿಂತ ಕಡಿಮೆ ಮಾಡಿದರೆ ಗುಂಡಿ ಒತ್ತಿದ ಮೇಲೂ ತಟ್ಟೆ ಉಜ್ಜುತ್ತಲೇ ಇರುತ್ತದೆ, ಅದೂ ಕೇಡು. ಕೆಲವು ಕ್ಲಚ್‌ಗಳಲ್ಲಿ ಈ ನಟ್‌ಗಳೇ ಇರೋದಿಲ್ಲ, ಅಂಥವು ಸವೆದರೆ ಬದಲಾಯಿಸೋದೇ ದಾರಿ.

ಆಮೇಲೆ ಎಂಜಿನ್ನನ್ನು ಅರ್ಧ ಸ್ಪೀಡಿಗೆ ಇಟ್ಟು ಗುಂಡಿ ಎಳೆದು ಹತ್ತು ಸೆಕೆಂಡ್, ಒತ್ತಿ ಹತ್ತು ಸೆಕೆಂಡ್, ಹೀಗೆ ಹತ್ತು ಸಲ. ಮೈ ಮೈ ಉಜ್ಜಿಕೊಂಡು ಸರಿಯಾಗಿ ಕೂರಲಿ ಅಂತ. ಪ್ರತಿ ಸಲ ಗುಂಡಿ ಒತ್ತಿದಾಗ ಬ್ಲೇಡ್ ಐದು ಸೆಕೆಂಡಿನೊಳಗೆ ನಿಲ್ಲುತ್ತದಾ ಅಂತಲೂ ನೋಡಿದೆ, ಅದರ ಬ್ರೇಕ್ ಕೂಡ ಇದೇ ಕ್ಲಚ್ ಒಳಗಿದೆ. ನಿಂತವು. ಮಾಲಿ ಒಂದೂವರೆ ತಾಸು ಬಿಡದೆ ಹುಲ್ಲು ಹೊಡೆದ. ನಾನು ಬೇವಿನ ಗಿಡದ ಕೆಳಗೆ ಕೂತು ನೋಡಿದೆ. ಎರಡನೇ ಸಲದ ದುಡ್ಡು ತಗೊಳ್ಳಲಿಲ್ಲ, ತಪ್ಪು ನಂದೇ ತಾನೇ. ಹಳದಿ ಗುಂಡಿಯ ಸ್ವಿಚ್ ಮಾತ್ರ ಒಂದು ತರಿಸಿ ಇಟ್ಟುಕೊಳ್ಳಿ, ಮಳೆಗಾಲದ ಒಳಗೆ ಬೇಕಾಗುತ್ತೆ ಅಂತ ಸಾಹೇಬರಿಗೆ ಹೇಳಿದೆ.

ಹೊರಡುವಾಗ ಮಾಲಿ ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ಕೊಟ್ಟ. ಒಳಗೆ ನನ್ನ ಬೈಕಿನ ಬಲ್ಬು, ಸುತ್ತಿದ ಎರಡು ತುಂಡು ವೈರಿನ ಸಮೇತ. ಮೊದಲನೇ ದಿನ ಚಹಾ, ಬೆನ್ನು ತಟ್ಟಿಸಿಕೊಳ್ಳೋದು ಅಂತ ಅದನ್ನು ಅಲ್ಲೇ ಮರೆತು, ಹೆದ್ದಾರಿಯಲ್ಲಿ ಲಾರಿಗಳ ನಡುವೆ ಕತ್ತಲಲ್ಲಿ ಮೊಬೈಲಿನ ಟಾರ್ಚ್ ಹಿಡಿದುಕೊಂಡು ಕೊಪ್ಪಳ ಮುಟ್ಟಿದ್ದೆ.